ವಕೀಲರನ್ನು ಕೇಳಿ: ಗೋವಾದಲ್ಲಿ ನಮ್ಮ ಓಟು

(ಗೋವಾದಲ್ಲಿರುವ ಕನ್ನಡಿಗರ ಗುಂಪಿನ ಮಾತುಕತೆ. ಮಾತಾಡಿದವರ ಹೆಸರಿನ ಬದಲು ಅವರು ಈಗಿರುವ ಊರು ಹಾಕಿದೆ.)

ವಾಸ್ಕೋ: ಮೇಡಂ, ನಮ್ಮೂರು ಬಾದಾಮಿ ಹತ್ತಿರ. ಇಲ್ಲಿಗೆ ಬಂದು 9 ವರ್ಷ ಆಯ್ತು. ಊರಲ್ಲಿ ಓಟು ಇದೆ, ಇಲ್ಲೂ ಮಾಡಿಸಬಹುದಾ?

ವಕೀಲೆ: ಒಬ್ಬರಿಗೆ ಒಂದೇ ಕಡೆ. ಫಾರ್ಮ್ 8 ತುಂಬಿ ಇಲ್ಲಿಗೆ ಬದಲಾಯಿಸಿಕೊಳ್ಳಿ. ಬೇರೆಲ್ಲೂ ಹೆಸರಿಲ್ಲ ಅಂತ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಕಾಣಕೋಣ: ನಮ್ಮಣ್ಣ ಜೈಲಲ್ಲಿದ್ದಾನೆ, ಕೇಸು ಇನ್ನೂ ನಡೀತಿದೆ. ಅವನು ಓಟು ಹಾಕಬಹುದಾ ಮೇಡಂ?

ಮಡಗಾಂವ: ಊರಲ್ಲಿ ಮನೆ, ಹೊಲ ಇದ್ದರೆ ಎರಡೂ ಕಡೆ ನಡೆಯುತ್ತೆ ಅಂತಾರಲ್ಲ?

ವಕೀಲೆ: ಮೇಲೆ ಓದಿ. ಹೊಲಕ್ಕೆ ಓಟಿಲ್ಲ.

ಫೋಂಡಾ: ನಮಸ್ಕಾರ ಮೇಡಂ. ನಮ್ಮ ಕಾಕಾನ ಮಗಳಿಗೆ 19 ವರ್ಷ. ಮನೆಯವರೆಲ್ಲ ಗೌಂಡಿ ಕೆಲಸ, ತಗಡಿನ ಶೆಡ್‌ನಲ್ಲಿ ಇರ್ತಾರೆ. ಪಟ್ಟಿಯಲ್ಲಿ ಹೆಸರು ಬಂದಿತ್ತು. ಈಗ ಯಾರೋ ಅವಳು ಇಲ್ಲಿಯವಳಲ್ಲ, ಹೆಸರು ತೆಗೀರಿ ಅಂತ ಫಾರ್ಮ್ 7 ಹಾಕಿದ್ದಾರೆ, ನೋಟಿಸ್ ಬಂದಿದೆ. ಬಾಡಿಗೆ ಕರಾರಿಲ್ಲ, ಕರೆಂಟ್ ಬಿಲ್ ಇಲ್ಲ. ಹೋಗ್ಲಿ ಬಿಡು ಅಂತಿದ್ದಾರೆ ಕಾಕಾ.

ವಕೀಲೆ: ಬಿಡಬೇಡಿ. ವಿಚಾರಣೆಗೆ ಹೋಗದೆ ಕೂತರೆ ಹೆಸರು ಹೋಗುತ್ತದೆ, ಬಹಳ ಸಲ ಹೀಗೇ ಹೋಗುವುದು. ಕಾನೂನು ಕೇಳುವುದು ಮೂರೇ: ಭಾರತದ ಪ್ರಜೆಯಾ, 18 ತುಂಬಿದೆಯಾ, ಸಾಮಾನ್ಯವಾಗಿ ಇಲ್ಲೇ ವಾಸವಾ. ಮನೆ ಸ್ವಂತದ್ದಾ ಅಂತ ಕೇಳುವುದಿಲ್ಲ. ಫುಟ್‌ಪಾತ್‌ನಲ್ಲಿ ಮಲಗುವವರಿಗೂ ಓಟಿದೆ ರೀ, ಬಿಎಲ್‌ಒ (ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಹೋಗಿ ಅಲ್ಲೇ ಮಲಗುತ್ತಾರಾ ಅಂತ ನೋಡಿಕೊಂಡು ಬರಬೇಕು ಅಂತ ಆಯೋಗದ ಸೂಚನೆಯೇ ಇದೆ. ಬನಶಂಕರಿ ಜಾತ್ರೆಗೆ ಹೋದವಳು ತಿಂಗಳು ಊರಲ್ಲೇ ಇದ್ದಳು ಅಂತ ಎತ್ತಿದರೆ ಹೆದರಬೇಡಿ, ಸ್ವಲ್ಪ ದಿನ ಊರಿಗೆ ಹೋಗಿಬಂದರೆ ವಾಸ ತಪ್ಪುವುದಿಲ್ಲ. ತಕರಾರು ಹಾಕಿದವರು ಅದೇ ಕ್ಷೇತ್ರದ ಮತದಾರರಾ ನೋಡಿ. ಅವಳು ಇಲ್ಲಿ ಇಲ್ಲ ಅಂತ ತೋರಿಸಬೇಕಾದವರು ಅವರು. ಪಕ್ಕದ ಶೆಡ್‌ನ ಇಬ್ಬರನ್ನು ಕರೆದುಕೊಂಡು ಹೋಗಿ. ಆದೇಶ ವಿರುದ್ಧ ಬಂದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಅಪೀಲು. ವಿಚಾರಣೆ ಯಾವತ್ತು?

ಮಾಪ್ಸಾ: ಬಂದಿದ್ದನ್ನು ಕಳಿಸ್ತಿದ್ದೇನೆ: "ಪಟ್ಟಿಯಲ್ಲಿ ಹೆಸರಿಲ್ಲವೇ? ಆಧಾರ್ ತೋರಿಸಿ 49ಎ ಪ್ರಕಾರ ಚಾಲೆಂಜ್ ಓಟು ಕೇಳಿ. ಎಲ್ಲರಿಗೂ ಹಂಚಿ."

ವಕೀಲೆ: ಹಂಚಬೇಡಿ! ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡ್ ತೋರಿಸಿದರೂ ಓಟಿಲ್ಲ. ಚಾಲೆಂಜ್ ಅಂದರೆ ನೀವು ನೀವೇ ಅಲ್ಲ ಅಂತ ಪಕ್ಷದ ಏಜೆಂಟ್ 2 ರೂಪಾಯಿ ಕಟ್ಟಿ ತಕರಾರು ಮಾಡುವುದು. ನಿಮ್ಮ ಹೆಸರಲ್ಲಿ ಬೇರೆಯವರು ಹಾಕಿಬಿಟ್ಟಿದ್ದರೆ ಟೆಂಡರ್ ಓಟು, ಅದು ಕಾಗದದ ಮೇಲೆ. 2019ರಿಂದ ಇದೇ ಸುಳ್ಳು ತಿರುಗುತ್ತಿದೆ, ನನಗಂತೂ ಸಾಕಾಗಿದೆ.

ಮಾಪ್ಸಾ: ನಾನು ಬರೆದಿದ್ದಲ್ಲ, ಸುಮ್ನೆ ಕಳಿಸಿದ್ದು.

ವಕೀಲೆ: ಎಲ್ಲರೂ ಸುಮ್ನೆ ಕಳಿಸುವುದೇ.

ಮಡಗಾಂವ: ನಿಜ ಹೇಳ್ತೀನಿ, ಓದು ಬರಹ ಇಲ್ಲದವರಿಗೆ ಓಟು ಯಾಕೆ? ದುಡ್ಡು ಕೊಟ್ಟವರಿಗೆ ಒತ್ತುತ್ತಾರೆ. ಅದಕ್ಕೇ ಇಲ್ಲಿಯವರು ನಮ್ಮನ್ನು ಘಾಟಿ, ಅಂದ್ರೆ ಘಟ್ಟದ ಆಚೆಯವರು ಅಂತ ಹೀಯಾಳಿಸೋದು.

ವಾಸ್ಕೋ: ನಿಮ್ಮ ಬಿಲ್ಡಿಂಗ್ ಕಟ್ಟಿದ್ದು ಯಾರು ಸ್ವಾಮಿ? ಡಿಗ್ರಿ ಇದ್ದವರು ಓಟಿನ ದಿನ ಗೋಕರ್ಣದಲ್ಲಿರ್ತೀರಿ.

ಮಡಗಾಂವ: ವೈಯಕ್ತಿಕ ಬೇಡ. ಹುಟ್ಟಿದ ಊರಲ್ಲೇ ಓಟು ಹಾಕಲಿ ಅಂದೆ.

ಪಣಜಿ: ನಾನು ನಿವೃತ್ತ ಮೇಷ್ಟ್ರು, ಒಂದು ಮಾತು. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಅಂತ 1967ರ ಜನವರಿ 16ರಂದು ಓಟು ಕೇಳಿದರು. ಮುಂಬೈಯಲ್ಲಿದ್ದ ಗೋವನ್ನರಿಗೂ ಕೊಡಿ ಅಂತ ಬೇಡಿಕೆ ಬಂತು, ಕೊಡಲಿಲ್ಲ. 34,021 ಓಟಿನ ಅಂತರದಲ್ಲಿ ಗೋವಾ ಬೇರೆಯಾಗಿಯೇ ಉಳಿಯಿತು. ಹಾಕಿದ್ದು ಇಲ್ಲಿ ಇದ್ದವರು.

ಮಡಗಾಂವ: ಪಾಠ ಕೇಳಿರಲಿಲ್ಲ ಸರ್.

ವಕೀಲೆ: ಕೇಳಿದ್ದರೆ ಒಳ್ಳೆಯದಿತ್ತು. 1951-52ರ ಮೊದಲ ಚುನಾವಣೆಯಲ್ಲಿ ಓದು ಬಾರದವರೇ ಜಾಸ್ತಿ. ಅವರನ್ನು ಹೊರಗಿಡಲಿಲ್ಲ, ಚಿಹ್ನೆ ಇಟ್ಟರು. ಇಂಥವರ ಹೆಂಡತಿ ಅಂತಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಮಾತ್ರ ಪಟ್ಟಿಯಿಂದ ಬಿದ್ದುಹೋದರು. ನನಗೆ ಆ ಹುಡುಗಿಯ ನೋಟಿಸ್ ನೋಡಿದಾಗ ಇದೇ ನೆನಪಾಗಿದ್ದು.

ಬಿಚೋಲಿ: ಯಜಮಾನರ ಮಗ ಪೋರ್ಚುಗಲ್ ಪಾಸ್‌ಪೋರ್ಟ್ ತಗೊಂಡಿದ್ದಾರೆ. ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡೋದು) ಇದೆ, ಓಟು ಇದೆಯಾ?

ವಕೀಲೆ: ಇಲ್ಲ. ಭಾರತದ ಪಾಸ್‌ಪೋರ್ಟ್ ಮೇಲೆ ದುಬೈಯಲ್ಲಿ ದುಡಿಯುವವರಿಗೆ ಇದೆ, ಫಾರ್ಮ್ 6ಎ. ಆದರೆ ಇಲ್ಲಿಗೆ ಬಂದೇ ಹಾಕಬೇಕು.

ಮಾಪ್ಸಾ: ಆನ್‌ಲೈನ್‌ನಲ್ಲಿ ಹಾಕಬಹುದು ಅಂತ ಒಂದು ಮೆಸೇಜ್...

ವಕೀಲೆ: ದಯವಿಟ್ಟು ಬೇಡ.

ಕಾಣಕೋಣ: ಜೈಲಿನದ್ದು ಯಾರೂ ಹೇಳಲೇ ಇಲ್ಲ.

ವಾಸ್ಕೋ: ಮಡಗಾಂವದವರನ್ನು ಕೇಳಿ, ಎಲ್ಲ ಓದಿದ್ದಾರೆ.

ಮಡಗಾಂವ: ಅಡ್ಮಿನ್ ಇದ್ದಾರಾ ಸತ್ತಿದ್ದಾರಾ?

ಫೋಂಡಾ: ಮೇಡಂ, ಈಗ ನೋಡಿದೆ. ವಿಚಾರಣೆ ನಾಳೆ ಬೆಳಿಗ್ಗೆ 11ಕ್ಕೆ. ಕಾಕಾ ಕೆಲಸಕ್ಕೆ ಹೋಗ್ತಾರಂತೆ, ಒಂದು ದಿನದ ಪಗಾರ ಹೋಗುತ್ತೆ ಅಂತ.

ವಕೀಲೆ: ಕಾಕಾ ಹೋಗಲಿ. ಹುಡುಗಿ ಬರಲಿ, ನೋಟಿಸ್, ಆಧಾರ್, ಹುಟ್ಟಿದ ತಾರೀಖಿನ ಶಾಲೆ ಸರ್ಟಿಫಿಕೇಟು ತರಲಿ. ನಾನು ಹತ್ತೂವರೆಗೆ ಗೇಟಿನ ಹತ್ತಿರ ಇರ್ತೀನಿ.