ಪುಟ್ಟಿ ಕೇಳಿದ ಗೋಡೆಯ ಚಿತ್ರ

ಮಗಳೇ, ನಿನ್ನ ಸಂದೇಶ ಈಗ ನೋಡಿದೆ. ಶಾಲೆಯ ದಾರಿಯ ಗೋಡೆಯ ಮೇಲೆ ಯಾರೋ ಒಂದು ಮರವನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸಿ, ಸಲೈನ್ ಏರಿಸಿದಂತೆ ಬರೆದಿದ್ದಾರೆ. ಅದನ್ನು ಕಂಡ ಮೇಲೆ ಪುಟ್ಟಿ ರಾತ್ರಿ ನಿದ್ದೆಗೆಟ್ಟು ಏನೇನೋ ಕೇಳುತ್ತಾಳೆ. ಅರ್ಥ ಹೇಳಲೋ, ದಾರಿಯನ್ನೇ ಬದಲಿಸಲೋ ಎಂದಿದ್ದೀಯ. ದಾರಿ ಬದಲಿಸುವ ಮಾತೇ ಬೇಡ. ಆದರೆ ಅರ್ಥವನ್ನು ನೀನೇ ಮೊದಲು ಹೇಳಿಬಿಡಬೇಡ.

ಮಂಡ್ಯದ ಮನೆಯ ಎದುರಿನ ಗೋಡೆ ಗೊತ್ತಲ್ಲ, ಬೆಲ್ಲದ ಮಂಡಿಯ ಪಕ್ಕದ್ದು? ನಾನು ಚಿಕ್ಕವಳಿದ್ದಾಗ ಅದರ ಮೇಲೆ ಕುಟುಂಬ ಯೋಜನೆಯ ಗುರುತಾದ ತಲೆಕೆಳಗಾದ ಕೆಂಪು ತ್ರಿಕೋನ, ಪಕ್ಕದಲ್ಲಿ ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬ ಮಗಳ ಮುಖ. ಕೆಳಗೆ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’. ನಮ್ಮ ಮನೆಯಲ್ಲಿ ಮಕ್ಕಳು ಅದಕ್ಕಿಂತ ಹೆಚ್ಚು, ನಾನು ಕೊನೆಯವಳು. ಆಗಿನ್ನೂ ಓದಲು ಬಾರದು. ಆ ಹುಡುಗಿ ನಗುತ್ತಿದ್ದಾಳೆ, ಅವಳ ರಿಬ್ಬನ್ ಚೆನ್ನಾಗಿದೆ, ನನಗೆ ಕಂಡದ್ದು ಅಷ್ಟೇ. ಏನು ಬರೆದಿದೆ ಎಂದು ಸೋದರಮಾವನನ್ನು ಕೇಳಿದೆ. ಅವರು ನಗುತ್ತಾ, ‘ಆರತಿಗೆ ನಿಮ್ಮಕ್ಕ ಇದ್ದಾಳೆ, ಕೀರ್ತಿಗೆ ನಿಮ್ಮಣ್ಣ ಇದ್ದಾನೆ, ನೀನು ಲೆಕ್ಕಕ್ಕಿಲ್ಲ’ ಎಂದುಬಿಟ್ಟರು. ಅವರಿಗೆ ತಮಾಷೆ. ನಾನು ಎಷ್ಟೋ ಕಾಲ, ಅಮ್ಮ ಎರಡನೆಯ ಸಲ ಅನ್ನ ಬಡಿಸಲು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದೆ. ಸರ್ಕಾರ ಅದನ್ನು ದೊಡ್ಡವರಿಗಾಗಿ, ಇನ್ನು ಹುಟ್ಟಬೇಕಾದ ಮಕ್ಕಳ ವಿಷಯವಾಗಿ ಬರೆಸಿದೆ, ಹುಟ್ಟಿದವರನ್ನು ಬೇಡ ಎಂದಿಲ್ಲ ಎಂದು ಒಬ್ಬರೂ ಬಿಡಿಸಿ ಹೇಳಲಿಲ್ಲ. ನನಗೇನು ಕಂಡಿತು, ಏನು ಅರ್ಥವಾಯಿತು ಎಂದು ಯಾರಾದರೂ ಮೊದಲು ಕೇಳಿದ್ದರೆ ಆ ತಪ್ಪು ತಿಳಿವಳಿಕೆ ಅಂದೇ ಹೋಗುತ್ತಿತ್ತು. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ: ಅರ್ಥವನ್ನು ನೀನೇ ಮೊದಲು ಹೇಳಬೇಡ.

    

ಇರಲಿ. ಈಗ ಪುಟ್ಟಿಯ ವಿಷಯ. ರಜೆಯ ದಿನ ಅವಳನ್ನು ಕರೆದುಕೊಂಡು ಹೋಗಿ ರಸ್ತೆಯ ಈಚೆ ಬದಿಯಲ್ಲಿ ನಿಲ್ಲು. ಏನೇನು ಕಾಣುತ್ತಿದೆ ಎಂದು ಮೊದಲು ಅವಳೇ ಹೇಳಲಿ. ಆಮೇಲೆ, ಈ ಗೋಡೆಯನ್ನೇ ಏಕೆ ಆರಿಸಿಕೊಂಡರು ಎಂದು ಕೇಳು; ಅಲ್ಲಿ ಮೊದಲು ಮರವಿತ್ತೇ ಎಂದು ಪಕ್ಕದ ಅಂಗಡಿಯವರನ್ನು ಅವಳೇ ವಿಚಾರಿಸಲಿ. ನಮ್ಮ ಮೈಸೂರಿನ ಕಾವಾ ಎಂಬ ಚಿತ್ರಕಲಾ ಕಾಲೇಜಿನಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆಯ ಆಕೃತಿ ಇಟ್ಟರಲ್ಲ, ಆ ಫೋಟೊ ತೋರಿಸು. ಅದೇ ಮೊಸಳೆ ಕಾರಂಜಿ ಕೆರೆಯ ದಡದಲ್ಲಿದ್ದರೆ ಬರೀ ಗೊಂಬೆ. ನಡುರಸ್ತೆಯ ಗುಂಡಿಯಲ್ಲಿದ್ದದ್ದರಿಂದ ದೂರು. ಇದು ಮಕ್ಕಳಿಗೆ ಬೇಗ ಹೊಳೆಯುತ್ತದೆ. ಮೂಲೆಯಲ್ಲಿ ಕಂಪನಿಯ ಹೆಸರಿದೆಯೇ, ಸರ್ಕಾರದ ಲಾಂಛನವಿದೆಯೇ, ಕಲಾವಿದರ ಸಹಿಯಿದೆಯೇ ಎಂದು ಹುಡುಕಿಸು. ಬರೆಸಿದವರಿಗೆ ನಮ್ಮಿಂದ ಏನು ಬೇಕು ಎಂಬುದು ಅಲ್ಲಿಂದ ತಿಳಿಯುತ್ತದೆ.

ಕೊನೆಗೆ ಅವಳ ಭಯ. ಮನೆಗೆ ಬಂದು ಹಾಳೆ ಕೊಡು, ಆ ಮರದ ಹಾಸಿಗೆಯ ಪಕ್ಕ ಯಾರು ಕೂರಬೇಕೋ ಅವರನ್ನು ಬರೆಯಲಿ. ಹಾಳೆಯ ಮೇಲೆ ಮಾತ್ರ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಗೋಡೆ ಮುಟ್ಟಬಾರದು ಎಂದೂ ಹೇಳು. ಬಣ್ಣದ ಪೆನ್ಸಿಲ್ ನಾನು ಕಳುಹಿಸುತ್ತೇನೆ, ನೀನು ಕೊಳ್ಳಬೇಡ.