‘ದ್ಯುತಿವಕ್ರೀಭವನ’: ಬೆಳಕಿನ ವಕ್ರೀಭವನವೋ, ಬೆಳಕಿನಿಂದಾದ ಮಾರ್ಪಾಡೋ?

ಮಾನ್ಯರೆ,

ಧಾರವಾಡದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಭೌತವಿಜ್ಞಾನದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೆಳಕು ಬಿದ್ದ ಹರಳಿನಲ್ಲಿ ಬೆಳಕನ್ನು ಬಾಗಿಸುವ ಗುಣವೇ ಬದಲಾಗುವ ‘ಫೋಟೋರಿಫ್ರಾಕ್ಟಿವ್ ಪರಿಣಾಮ’ವನ್ನು ‘ದ್ಯುತಿವಕ್ರೀಭವನ’ ಎಂದು ಬರೆದಿದ್ದೆ. ಅದನ್ನೋದಿದ ವಿದ್ಯಾರ್ಥಿನಿಯೊಬ್ಬಳು, ನೀರಿನಲ್ಲಿಟ್ಟ ಕೋಲು ಮುರಿದಂತೆ ಕಾಣುವುದೂ ಇದೇ ಅಲ್ಲವೇ ಎಂದು ಕೇಳಿದಳು. ಅವಳ ಸಂದೇಹ ನ್ಯಾಯವಾದದ್ದು. ಸಮಾಸವನ್ನು ಷಷ್ಠಿಯಲ್ಲಿ ಬಿಡಿಸಿದರೆ ‘ಬೆಳಕಿನ ವಕ್ರೀಭವನ’ ಎಂದಾಗಿ ಎಂದಿನ ಅರ್ಥವೇ ಬರುತ್ತದೆ. ನನಗೆ ಬೇಕಾದದ್ದು ತೃತೀಯೆ, ಅಂದರೆ ‘ಬೆಳಕಿನಿಂದ’ ಎಂಬ ಅರ್ಥ. ‘ದ್ಯುತಿಸಂಶ್ಲೇಷಣೆ’ಯಲ್ಲಿ ಈ ತೊಡಕಿಲ್ಲ, ಏಕೆಂದರೆ ಬೆಳಕನ್ನು ಯಾರೂ ಸಂಶ್ಲೇಷಿಸುವುದಿಲ್ಲವಾದ್ದರಿಂದ ಓದುವವರು ತಾವಾಗಿಯೇ ‘ಬೆಳಕಿನಿಂದ’ ಎಂದು ತಿಳಿಯುತ್ತಾರೆ. ಇಲ್ಲಿಯಾದರೋ ಬಾಗುವುದೂ ಬೆಳಕೇ, ಬಾಗಿಸುವ ಗುಣವನ್ನು ಬದಲಿಸುವುದೂ ಬೆಳಕೇ.

ನಡೆಯುವುದು ಹೀಗೆ. ತುಸು ಕಬ್ಬಿಣ ಬೆರೆತ ಲಿಥಿಯಂ ನಯೋಬೇಟ್ ಹರಳಿನ ಮೇಲೆ ಲೇಸರ್ ಬೆಳಕಿನ ಪಟ್ಟೆಗಳು ಬಿದ್ದಾಗ, ಬೆಳಕಿದ್ದೆಡೆಯಲ್ಲಿ ಬಿಡುಗಡೆಗೊಂಡ ಎಲೆಕ್ಟ್ರಾನುಗಳು ಕತ್ತಲಿನ ಕಡೆಗೆ ಸರಿದು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಹೀಗೆ ಹಂಚಿಹೋದ ವಿದ್ಯುದಾವೇಶದಿಂದ ಹರಳಿನೊಳಗೆ ವಿದ್ಯುತ್ ಕ್ಷೇತ್ರ ಹುಟ್ಟಿ, ಆ ಕ್ಷೇತ್ರವು ವಕ್ರೀಭವನಾಂಕವನ್ನು, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆಯನ್ನು, ಬದಲಿಸುತ್ತದೆ. ಬೆಳಕನ್ನು ತೆಗೆದ ಮೇಲೂ ಈ ಗುರುತು ಉಳಿದಿರುತ್ತದೆ, ಹರಳಿನ ಮೇಲೆಲ್ಲ ಸಮನಾಗಿ ಬೆಳಕು ಹಾಯಿಸಿದರೆ ಅಳಿಯುತ್ತದೆ. 1966ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಭೌತವಿಜ್ಞಾನಿ ಆರ್ಥರ್ ಆಶ್ಕಿನ್ ಮತ್ತು ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು; ಮೊದಮೊದಲು ಇದಕ್ಕೆ ಬಳಕೆಯಾದ ಮಾತು ‘ಹಾನಿ’ ಎಂಬರ್ಥದ್ದು. ಅಳಿಸಿ ಮತ್ತೆ ಬರೆಯಬಹುದಾದದ್ದನ್ನು ಹಾನಿ ಎನ್ನಲು ನನಗೆ ಮನಸ್ಸಿಲ್ಲ.

‘ದ್ಯುತಿಪ್ರೇರಿತ ವಕ್ರೀಭವನಾಂಕ ವ್ಯತ್ಯಯ’ ಎಂದರೆ ವಿಭಕ್ತಿಯ ಗೊಂದಲವೇನೋ ತೀರುತ್ತದೆ. ಆದರೆ ತೀವ್ರ ಬೆಳಕು ಇರುವಷ್ಟು ಹೊತ್ತು ಮಾತ್ರ ವಕ್ರೀಭವನಾಂಕ ಬದಲಾಗುವ ಕೆರ್ ಪರಿಣಾಮವೂ ಅದರೊಳಗೇ ಸೇರಿಬಿಡುತ್ತದೆ. ಅಲ್ಲಿ ಎಲೆಕ್ಟ್ರಾನುಗಳ ವಲಸೆಯೂ ಇಲ್ಲ, ಉಳಿಯುವ ಗುರುತೂ ಇಲ್ಲ. ಬಿಸಿಲಿಗೆ ಕಪ್ಪಾಗುವ ಕನ್ನಡಕದ ಗಾಜಿಗೆ ‘ದ್ಯುತಿವರ್ಣಕ’ ಎಂಬುದು ಒಪ್ಪುತ್ತದೆ, ಅಲ್ಲಿ ಬದಲಾಗುವುದು ಬಣ್ಣ; ಹಾಗಾಗಿ ಆ ಪದವೂ ಇಲ್ಲಿಗೆ ಹೊಂದದು.

ಆದ್ದರಿಂದ ‘ಬೆಳಕಚ್ಚು’ ಎಂಬ ಪದವನ್ನು ಕಟ್ಟಿ, ಪರಿಣಾಮಕ್ಕೆ ‘ಬೆಳಕಚ್ಚು ಪರಿಣಾಮ’ವೆಂದೂ ವಸ್ತುವಿಗೆ ‘ಬೆಳಕಚ್ಚಿನ ಹರಳು’ ಎಂದೂ ಬರೆಯೋಣವೆನ್ನಿಸಿದೆ. ಇಂಥ ಹರಳುಗಳಲ್ಲಿ ಹಾಲೋಗ್ರಾಮ್ (ಲೇಸರ್ ಬೆಳಕಿನಿಂದ ಮೂಡಿಸುವ ಮೂರು ಆಯಾಮದ ಚಿತ್ರ) ದಾಖಲಿಸುವುದರಿಂದ ‘ಅಚ್ಚು’ ಹೊಂದುತ್ತದೆ. ‘ಸ್ಫಟಿಕ’ದ ಬದಲು ‘ಹರಳು’ ಎಂದದ್ದಕ್ಕೆ ನಮ್ಮ ಕಡೆ ಅಡ್ಡಿಯಿಲ್ಲ. ಹರಳೆಣ್ಣೆಯನ್ನು ಇಲ್ಲಿ ಔಡಲೆಣ್ಣೆ ಎನ್ನುವುದರಿಂದ, ಹರಳು ಎಂದೊಡನೆ ಉಂಗುರದ ಕಲ್ಲೇ ನೆನಪಾಗುತ್ತದೆ.

ನನ್ನ ಅಳುಕು ಒಂದೇ: ‘ಬೆಳಕಚ್ಚು’ ಎಂದಾಗ ನಿಮಗೆ ಛಾಯಾಚಿತ್ರದ ಅಚ್ಚು ತೋರುತ್ತದೆಯೇ? ತೋರುವುದಾದರೆ, ‘ಬೆಳಕಿನಿಂದ’ ಎಂಬ ತೃತೀಯಾರ್ಥವನ್ನು ಬಿಟ್ಟುಕೊಡದ ಬೇರೆ ಚಿಕ್ಕ ಪದವನ್ನು ದಯವಿಟ್ಟು ಸೂಚಿಸಬೇಕು.