ಅಪ್‌ಡೇಟ್: ಇಟಾಲಿಯನ್ ಕ್ರಿಯಾಪದದಲ್ಲಿ ಒತ್ತು ಎಲ್ಲಿ?

'ಪರ್ಲಾತೆ' (ನೀವು ಮಾತಾಡುತ್ತೀರಿ) ಅನ್ನುವಾಗ ಒತ್ತು (ಜೋರು ಕೊಟ್ಟು ಹೇಳುವುದು) ನಡುವಿನ ಸಿಲಬಲ್ (ಉಚ್ಚಾರದಲ್ಲಿ ಪದದ ಒಂದು ತುಂಡು) ಮೇಲೆ. 'ಪರ್ಲನೊ' (ಅವರು ಮಾತಾಡುತ್ತಾರೆ) ಅನ್ನುವಾಗ ಮಾತ್ರ ಮೊದಲನೆಯದರ ಮೇಲೆ. ಯಾಕೆ ಹೀಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್, ಈಗ ವಿಷಯ ತಲೆಯಲ್ಲಿ ಕೂತಿದೆ.

ವರ್ತಮಾನ ಕಾಲದಲ್ಲಿ ನಾನು, ನೀನು, ಅವನು, ಅವರು ರೂಪಗಳಿಗೆ ಒತ್ತು ಒಂದೇ ಜಾಗದಲ್ಲಿ. 'ಪರ್ಲೊ'ದಲ್ಲಿ (ನಾನು ಮಾತಾಡುತ್ತೇನೆ) ಎಲ್ಲಿತ್ತೋ 'ಪರ್ಲನೊ'ದಲ್ಲೂ ಅಲ್ಲೇ. ನಾವು, ನೀವು ರೂಪಗಳಲ್ಲಷ್ಟೇ ಅದು ಪ್ರತ್ಯಯಕ್ಕೆ ಜಾರುತ್ತದೆ. ಹಾಗಾಗಿ 'ನಾನು' ರೂಪ ಸರಿಯಾಗಿ ಕಲಿತರೆ 'ಅವರು' ರೂಪ ತಾನಾಗಿಯೇ ಬರುತ್ತದೆ. 'ಆಬಿತೊ' (ನಾನು ವಾಸಿಸುತ್ತೇನೆ) ಇದ್ದದ್ದು 'ಆ-ಬಿ-ತ-ನೊ' ಆಗುತ್ತದೆ. ಒತ್ತು ಕೊನೆಯಿಂದ ನಾಲ್ಕನೇ ಸಿಲಬಲ್ ಮೇಲೆ! ಕೇಳೋಕೆ ಎಷ್ಟು ಚೆಂದ ಅಲ್ವಾ?

ನನಗೆ ಜಾಸ್ತಿ ಇಷ್ಟವಾದ ಉದಾಹರಣೆ ಇದು. 'ಕ-ಪಿ-ತಾ-ನೊ' ಅಂದರೆ ಕ್ಯಾಪ್ಟನ್. 'ಕಾ-ಪಿ-ತ-ನೊ' ಅಂದರೆ ನಡೆಯುತ್ತವೆ, ಸಂಭವಿಸುತ್ತವೆ. ಬರೆಯುವುದು ಎರಡನ್ನೂ ಒಂದೇ ಥರ. ಒತ್ತು ಕೊನೆಯ ಸಿಲಬಲ್ ಮೇಲೆ ಬಿದ್ದರೆ ಮಾತ್ರ ಗುರುತು ಹಾಕಲೇಬೇಕು. 'ಅವನು ಮಾತಾಡಿದ' ಎಂಬ ಅರ್ಥದ 'ಪರ್ಲೊ'ಗೆ ಕೊನೆಯ ಸ್ವರದ ಮೇಲೆ ಗೀಟು ಬರುವುದು ಇದಕ್ಕೇ.

ಸಿಲಬಲ್ ಒಡೆಯುವುದು ಸುಲಭ. ಒಂದೇ ವ್ಯಂಜನ ಜೋಡಿಯಾಗಿದ್ದರೆ ನಡುವೆ ಒಡೆಯಬೇಕು: 'ಲೆಗ್-ಗೊ' (ಓದುತ್ತೇನೆ). 'ಸ್' ನಂತರ ಬೇರೆ ವ್ಯಂಜನ ಬಂದರೆ ಎರಡೂ ಮುಂದಿನದಕ್ಕೆ: 'ಅ-ಸ್ಪೆತ್-ತೊ' (ಕಾಯುತ್ತೇನೆ).

ಉಳಿದದ್ದು 'ಎರೆ' ಅಂತ ಮುಗಿಯುವ ಮೂಲರೂಪಗಳು. 'ವೆ-ದೇ-ರೆ' (ನೋಡು) ನಡುವೆ ಒತ್ತು, 'ಲೆಜ್-ಜೆ-ರೆ' (ಓದು) ಮೊದಲಲ್ಲಿ. ಇವನ್ನು ಡಿಕ್ಷನರಿ ನೋಡಿ ಒಂದೊಂದಾಗಿ ಕಲಿಯುತ್ತಿದ್ದೇನೆ.